ಮೊಳಕೈಗೆ ಸುತ್ತಿದ ಟಾವೆಲ್

ಮೊದಲು ಗೊತ್ತಾಗಿದ್ದು ಚಹಾದಂಗಡಿಯಾಗ.
ಬೆಟಗೇರಿ ಬಸ್ ಸ್ಟ್ಯಾಂಡ್ ಹೊರಗ, ಸುಡುಸುಡು ಗಾಜಿನ ಗ್ಲಾಸು.
ಮೂರು ಬೆರಳು ಚುರ್ ಅಂದು ಹಿಂದ ಸರದ್ವು,
ಉಂಗುರಬೆರಳು ಅರ್ಧ ಮನಸಿನಿಂದ.
ಕಿರುಬೆರಳು ಮಾತ್ರ ಗ್ಲಾಸಿಗೆ ಆನಿಕೊಂಡು ಕೂತೇ ಇತ್ತು,
ಊಟ ಮುಗಿದರೂ ಏಳದ ಬೀಗರ ಹಂಗ.

ಆಮೇಲೆ ಗಿಟಾರಿನಾಗ.
ದುರ್ಗದಬೈಲಿನ ಹಿಂದಿನ ಓಣಿಯಾಗ
ಹಳೇದು ಅಂತ ಚೌಕಾಸಿ ಮಾಡಿ ತಂದಿದ್ದು,
ಇಪ್ಪತ್ತಾರು ವರ್ಷ ಲಗ್ನದ ಆರ್ಕೆಸ್ಟ್ರಾ ತಿರುಗಿದ್ದು.
ಜಿ ಕಾರ್ಡ್ ಹಿಡಿದ್ರ ಐದು ತಂತಿ ಮಾತಾಡ್ತಾವ,
ಆರನೇದು ಝುರ್ ಅಂತೈತಿ,
ಬಾಟಲಿಯೊಳಗ ಸಿಕ್ಕ ನೊಣ.

ಹುಬ್ಬಳ್ಳಿ ದವಾಖಾನಿ. ಕೈಗೆ ತಣ್ಣನ ಅಂಟು ಹಚ್ಚಿದ್ರು.
"ಸಣ್ಣ ಕರೆಂಟ್ ಕೊಡ್ತೀವಿ, ಹೆದರಬ್ಯಾಡ್ರಿ."
ಟಕ್.
ನಾ ಹೇಳಿದ್ರ ಕೇಳದ ಬೆರಳು
ಮಷೀನು ಹೇಳಿದ ಕೂಡಲೇ ಜಿಗೀತು.
ಸುಳ್ಳ್ಯಾಕ, ನನಗ ಹೊಟ್ಟೆಕಿಚ್ಚಾತು.

"ನರ ಮೊಳಕೈಯಾಗ ಸಿಕ್ಕೊಂಡೈತಿ.
ಕೈ ಮಡಚಿ ಮಲಗಬ್ಯಾಡ್ರಿ.
ಏನ್ ಮಾಡ್ತೀರಿ ನೀವು?"
ಗಿಟಾರ್ ಬಾರಸ್ತೀನ್ರಿ.
"ಅಲ್ಲ, ಕೆಲಸಕ್ಕ?"

ಅಪ್ಪನ ಮಗ್ಗದಾಗ ಎಳಿ ಹರದ್ರ
ಲಾಳಿ ನಿಂತ ಸಪ್ಪಳಕ್ಕ ಮನಿಯೆಲ್ಲ ತಿರುಗಿ ನೋಡ್ತಿತ್ತು.
ನಾಲಿಗಿಗೆ ಬೆರಳು ಮುಟ್ಟಿಸಿ, ಎರಡು ತುದಿ ಹೊಸೆದು,
ಹೊಸೆದದ್ದು ಎಲ್ಲಿ ಅಂತ
ಸೀರಿ ಉಟ್ಟಾಕಿಗೂ ಗೊತ್ತಾಗದಂಗ ಕೂಡಿಸ್ತಿದ್ದ.
ಮಗ್ಗ ಮಾರಿದ್ವಿ. ಅಪ್ಪನೂ ಇಲ್ಲ.
ಇದ್ದಿದ್ರ ಈ ಕೈ ಅವನ ಮುಂದ ಚಾಚತಿದ್ದೆ:
ಎಳಿ ಎಲ್ಲಿ ಹರದೈತಿ, ನೀನ ಹುಡುಕು.

ರಾತ್ರಿ ತುಳಜಾ ಟಾವೆಲ್ ತರ್ತಾಳ.
ಮೊಳಕೈ ಮಡಚದಂಗ ನಾಲ್ಕು ಸುತ್ತು, ಎರಡು ಪಿನ್ನು,
ಕೂಸಿಗೆ ಕುಂಚಿಗಿ ಕಟ್ಟೋ ಮಾರಿ ಮಾಡಿಕೊಂಡು.
ನಗಬ್ಯಾಡ ಅಂತೀನಿ. ನಕ್ಕಿಲ್ಲ ಅಂತಾಳ.
ಬೆಳತನಕ ಕೈ ಕೌದಿಯ ಹೊರಗ ನೆಟ್ಟಗ,
ನಿಲ್ಲದ ಬಸ್ಸಿಗೆ ಅಡ್ಡ ಚಾಚಿದಂಗ.

ಮೊನ್ನೆ ಗೋಕುಲ ರೋಡಿನಾಗ ರಿಸೆಪ್ಷನ್.
ಕೇಪೋ ಹಾಕಿ, ಕಾರ್ಡು ಬದಲಿಸಿ,
ಎರಡು ಬೆರಳಿನಾಗ ಇಡೀ ಸಂಜಿ ದಾಟಿಸಿದೆ.
ಮದುಮಗನ ಗೆಳ್ಯಾರು ಕುರ್ಚಿ ಮ್ಯಾಲೆ ನಿಂತು
ವನ್ಸ್ ಮೋರ್, ವನ್ಸ್ ಮೋರ್.
ಯಾರಿಗೂ ಗೊತ್ತಾಗಲಿಲ್ಲ.
ಗೊತ್ತಾಗಬಾರದು ಅಂತ ಎಲ್ಲ ದೇವರಿಗೂ ಕೈ ಮುಗಿದಾಂವ ನಾನ.
ಆದ್ರೂ ಪಂಕ್ತಿಯಾಗ ಕೂತಾಗ
ಗೊತ್ತಾಗಲೇ ಇಲ್ಲಲ್ಲ ಅಂತ
ತುತ್ತು ಗಂಟಲಿನಾಗ ನಿಂತಿತು.

ವಾಪಸ್ ಟೆಂಪೋದಾಗ, ಸ್ಪೀಕರ್ ಡಬ್ಬಿಗಳ ನಡುವ,
ಢೋಲಕಿನ ಖ್ವಾಜಾಸಾಬ ಕೇಳಿದ:
"ಕಿರುಬೆರಳು ಯಾವಾಗಿಂದ?"
ನಾ ಸುಮ್ಮನಿದ್ದೆ.
"ಮೂರು ವರ್ಷಾತು ನನ್ನ ಎಡಗಿವಿ ಹೋಗಿ.
ಅದಕ್ಕ ನಿನ್ನ ಬಲಕ್ಕ ಕೂಡಿಸಿಕೊಳ್ಳೋದು.
ಬಲಗಿವಿನೂ ಈಗ ಅಷ್ಟಕ್ಕಷ್ಟೇ.
ನಾ ನಿನ್ನ ಕೈ ನೋಡಿ ತಾಳ ಹಿಡಿಯಾಂವ.
ಇವತ್ತ ಕೈ ಬ್ಯಾರೆ ಏನೋ ಹೇಳಾಕತ್ತಿತ್ತು."

ಅಣ್ಣಿಗೇರಿ ದಾಟೂತನಕ ಇಬ್ಬರೂ ಮಾತಾಡಲಿಲ್ಲ.
ಆಮೇಲೆ ಅವನ ಶುರು ಮಾಡಿದ,
ಬಾಡಿಗಿ ಜಾಸ್ತಿ ಕೇಳ್ಯಾನ ಟೆಂಪೋದಾಂವ, ಅಂತ.

ಇವತ್ತ ನಸುಕಿನ್ಯಾಗ
ಟಾವೆಲ್ ಬಿಚ್ಚೂವಾಗ ತುಳಜಾ ಕೈ ಜಾರಿ
ಪಿನ್ನು ಕಿರುಬೆರಳಿಗೆ ತಾಕಿತು.
ಚುಚ್ಚಿತೋ,
ಚುಚ್ಚಿದ್ದು ಕಂಡು ಚುಚ್ಚಿದಂಗ ಅನಿಸಿತೋ.
ಆಕಿ ಅಯ್ಯ ಅಂದು ಬೆರಳು ಬಾಯಿಗಿಡೂದರೊಳಗ
ಕೈ ಹಿಂದಕ್ಕ ಎಳಕೊಂಡೆ,
ಕಣ್ಣು ಮುಚ್ಚಿ ಮತ್ತ ಮುಂದ ಹಿಡಿದು
ವನ್ಸ್ ಮೋರ್
ಅಂದೆ.