ವೇಬಿಲ್ಲು

'ಇದಕ್ಕೆ ಉಪವಾಸ ಬೇಡ ಮೇಡಂ,
ತಿಂಡಿ ತಿಂದು ಬಂದ್ರೂ ನಡೆಯುತ್ತೆ' ಅಂದಳು
ಹನುಮಂತನಗರದ ಲ್ಯಾಬಿನ ಹುಡುಗಿ,
ತೋಳಿಗೆ ರಬ್ಬರು ಬಿಗಿಯುತ್ತ.
ಮೂರು ದಿನದಿಂದ ಅನ್ನ ಬಿಟ್ಟು
ಸೌತೆಕಾಯಿ ಕಡಿದವಳಿಗೆ
ನಗು ಬಂತು.

ಇಪ್ಪತ್ತೆರಡು ವರ್ಷದ ಕಂಡಕ್ಟರು, ನನಗೆ ಗೊತ್ತಿಲ್ಲವೇ?
ಚೆಕಿಂಗಿನವರು ಮುಂದಿನ ಸ್ಟಾಪಿನಲ್ಲಿದ್ದಾರೆ ಎಂದರೆ ಸಾಕು,
ಮಾರ್ಕೆಟ್ಟಿನಿಂದ ಕಿಟಕಿಗೆ ಮುಖ ಕೊಟ್ಟವರೆಲ್ಲ
ಒಮ್ಮೆಗೇ ಚಿಲ್ಲರೆ ಚಾಚುತ್ತಾರೆ.
ಬರಿಹೊಟ್ಟೆಯ ಟೆಸ್ಟಿಗೆ ನಾನೂ ಹಾಗೇ.
ನೂರಾಹನ್ನೆರಡು ಬರುತ್ತಿತ್ತು,
ಡಾಕ್ಟರು ಮೆಚ್ಚಿ ತಲೆದೂಗುತ್ತಿದ್ದರು.

ಇದು ಬೇರೆ. ಹೆಸರೇ ರೂಟ್ ನಂಬರಿನ ಹಾಗೆ:
ಎಚ್‌ಬಿ ಎ-ಒನ್-ಸಿ.
ಕೆಂಪು ಕಣ ಹುಟ್ಟಿದಂದಿನಿಂದ
ಹೆಚ್ಚೆಂದರೆ ನೂರಿಪ್ಪತ್ತು ದಿನ
ಮೈಯೆಲ್ಲ ಟ್ರಿಪ್ಪು ಹೊಡೆಯುತ್ತದಂತೆ,
ಹತ್ತಿದ ಸಕ್ಕರೆಯನ್ನು ಇಳಿಸುವುದೇ ಇಲ್ಲವಂತೆ.
ಅಂದರೆ ವೇಬಿಲ್ಲು.
ಸೊನ್ನೆ ರೂಪಾಯಿ ಟಿಕೆಟ್ಟಿಗೂ ಲೆಕ್ಕ ಕೇಳುವ
ಡಿಪೋ ಕ್ಲರ್ಕು ನನ್ನ ರಕ್ತದಲ್ಲೇ ಕೂತಿದ್ದಾನೆ.

ಒಂಬತ್ತು ಪಾಯಿಂಟ್ ಒಂದು.
'ಏನು ತಿಂದ್ರಿ ಹೊನ್ನಗಂಗಮ್ಮ, ಈ ಮೂರು ತಿಂಗಳು?'

ಏನು ತಿಂದೆ?
ನಾದಿನಿ ಮಗಳ ಸೀಮಂತದಲ್ಲಿ ಚಿರೋಟಿ.
ರಸಪೂರಿ ಹಣ್ಣು, ಒಂದಲ್ಲ, ಒಂದೂವರೆ.
ಇಷ್ಟನ್ನು ಒಪ್ಪಿಕೊಂಡೆ.
ಬನಶಂಕರಿ ಸ್ಟ್ಯಾಂಡಿನ ಕಾಫಿಯ ಮಾತು ಎತ್ತಲಿಲ್ಲ.

ಷಫೀವುಲ್ಲಾ ಸ್ಟೇರಿಂಗು, ನಾನು ಬ್ಯಾಗು,
ಒಂಬತ್ತು ವರ್ಷ ಒಂದೇ ಷೆಡ್ಯೂಲು.
ಟ್ರಿಪ್ಪು ಮುಗಿದರೆ ಒಂದು ಬೈಟು.
ನನ್ನ ಲೋಟಕ್ಕೆ ತನ್ನದರಿಂದ ಒಂದಿಷ್ಟು ಸುರಿದು
'ಅರೆ, ನಿಂಗೆ ಷುಗರ್ ಅಲ್ವಾ' ಎಂದು
ವಾಪಸು ಸುರಿದುಕೊಳ್ಳುವ ಆಸಾಮಿ.
ರಾಮನವಮಿ ಕಳೆದ ಮೂರನೇ ದಿನ, ಸಿಗ್ನಲಿನಲ್ಲಿ,
ಹ್ಯಾಂಡ್‌ಬ್ರೇಕು ಎಳೆದ, ಎಂಜಿನ್ನು ಆರಿಸಿದ,
ಆಮೇಲೆ ತಲೆ ಊರಿದ.
ಒಬ್ಬ ಪ್ಯಾಸೆಂಜರಿಗೂ ತರಚು ಗಾಯವಿಲ್ಲ.

ಅವನ ಮನೆಯಲ್ಲಿ ಹೆಂಗಸರು ಸರಿದು ಜಾಗ ಕೊಟ್ಟರು.
'ನೀವು?' ಎಂದರು.
'ಡ್ಯೂಟಿಯವಳು.'

ಹೊಸ ಡ್ರೈವರು ಹುಡುಗ, ಕಾಫಿ ಮುಟ್ಟುವುದಿಲ್ಲ.
ನನ್ನ ಬಾಯಿಗೆ ರೂಢಿ ತಪ್ಪಲಿಲ್ಲ.
ಬೈಟು ಅಂದೆ. ಎರಡು ಲೋಟ ಬಂದವು.
ಒಂದು ಕುಡಿದೆ.
ಇನ್ನೊಂದನ್ನು ನೊಣಕ್ಕೆ ಬಿಟ್ಟು ಹೋಗುವುದು ಹೇಗೆ?
ದಿನಕ್ಕೆ ಆರು ಟ್ರಿಪ್ಪು.
ಡಾಕ್ಟರೇ, ಆ ಒಂಬತ್ತರಲ್ಲಿ ಎರಡು ನನ್ನದಲ್ಲ.

ಮಾತ್ರೆ ಬದಲಾಯಿಸಿದರು. ಮೂರು ತಿಂಗಳು ಬಿಟ್ಟು ಬನ್ನಿ ಎಂದರು.
ಅಷ್ಟರಲ್ಲಿ ಅವನಿದ್ದಾಗ ಹುಟ್ಟಿದ ಕಣಗಳೆಲ್ಲ
ಕೊನೇ ಸ್ಟಾಪಿನಲ್ಲಿ ಇಳಿದುಹೋಗಿರುತ್ತವೆ.
ಅವನ ಹಾರನ್ನು ಕೇಳದ ರಕ್ತ
ಏಳಕ್ಕೆ ಇಳಿದರೂ ಇಳಿದೀತು.

ಇವತ್ತು ಸ್ಟ್ಯಾಂಡಿನಲ್ಲಿ
'ಬೈಟು. ಒಂದಕ್ಕೆ ಸಕ್ಕರೆ ಬೇಡ' ಎಂದೆ.
ಹುಡುಗ ಎರಡೂ ಲೋಟ ಎದುರಿಗಿಟ್ಟು ಕೇಳಿದ:
'ಯಾವ್ದು ನಿಮ್ದು ಅಕ್ಕ?'

ಬ್ಯಾಗಿಗೆ ಕೈ ಹಾಕಿ
ಚಿಲ್ಲರೆ ಎಣಿಸುತ್ತ ನಿಂತೆ.