ಮರಡಿಹಳ್ಳಿಯ ದಿಂಬುಗಳು

ನಲವತ್ತು ದಿಂಬು, ಬೂರುಗದ ಹತ್ತಿ,
ಗೆರೆಗೆರೆ ಬಟ್ಟೆಯ ಗಲೀಫು.
ಕಾಲೇಜು ಹುಡುಗರ ಶಿಬಿರಕ್ಕೆ ಅಂತ
ಐಮಂಗಲದವರೆಗೆ ಗೂಡ್ಸ್ ಆಟೋದಲ್ಲಿ
ದಿಂಬಿನ ಮೇಲೆ ನಾನೇ ಕೂತು ಹೋದೆ,
ಹಾರದಿರಲೆಂದು, ಭಾರಕ್ಕೆ.

ಎಣಿಸಿ ಇಳಿಸಿಕೊಂಡ ಮೇಷ್ಟ್ರು
ರಸೀತಿಗೆ ಸಹಿ ಹಾಕುತ್ತ ನಕ್ಕರು:
ದಸ್ತಗಿರಿಯವರೇ, ನಿಮ್ಮ ಕಸುಬಿನವರೊಬ್ಬರು
ಇಲ್ಲೇ ಹತ್ತಿರ ಇದ್ದಾರೆ, ಬನ್ನಿ ತೋರಿಸ್ತೀನಿ,
ಅವರದ್ದು ನಿಮಗಿಂತ ಹಳೇ ಅಂಗಡಿ.

ದುರ್ಗದ ಪಿಂಜಾರರೆಲ್ಲ ನನಗೆ ಗೊತ್ತು.
ಈ ಕಡೆ ಯಾರೂ ಇಲ್ಲ.
ಆದರೂ ಹೋದೆ.

ಮರಡಿ ಅಂದರೆ ಮರಡಿಯೇ, ಬೆಟ್ಟವಲ್ಲ.
ಜಾಲಿ, ಕಳ್ಳಿ, ಕುರಿ ಹಿಕ್ಕೆ,
ಒಂದು ಬೋರ್ಡು: ಕಲ್ಲು ಒಡೆಯಬಾರದು.
ಬೋರ್ಡಿನ ಬುಡದಲ್ಲಿ ಯಾರೋ ಒಡೆದ ಕಲ್ಲು.
ಮಂಡಿ ಹಿಡಿದು ಹಿಡಿದು ಏರಿ
ತುದಿಯ ಬಂಡೆಯಂಚಿಗೆ ಬಂದು ಬಗ್ಗಿ ನೋಡಿದರೆ
ದಿಂಬು.

ಒಂದರ ಮೇಲೊಂದು, ಒಂದರ ಪಕ್ಕ ಒಂದು,
ಮದುವೆ ಮನೆಗೆ ರಾಶಿ ಹಾಕಿದ ಹಾಗೆ
ಹಸಿರುಗಪ್ಪು ಕಲ್ಲಿನ ದಿಂಬು,
ಉಬ್ಬಿದ ಹೊಟ್ಟೆ, ದುಂಡು ಮೂಲೆ,
ಸುತ್ತ ತೆಳ್ಳಗೆ ಅಂಚುಪಟ್ಟಿ.
ಮೂವತ್ತೆಂಟು ವರ್ಷ ದಬ್ಬಳ ಹಿಡಿದ ಕೈ
ತಾನೇ ಹೊಲಿಗೆ ಹುಡುಕಿತು.
ಹೊಲಿಗೆ ಇಲ್ಲ.

ಇಲ್ಲಿ ಸಮುದ್ರ ಇತ್ತು ತಾತ, ಅಂದಳು
ಮೊಳಕಾಲ್ಮೂರಿನ ಹುಡುಗಿ ಯಶೋಮತಿ,
ಸೊಂಟಕ್ಕೆ ಸುತ್ತಿಗೆ ಸಿಕ್ಕಿಸಿಕೊಂಡು.
ಸಮುದ್ರದ ತಳ ಬಿರಿದು ಬೆಂಕಿ ಉಕ್ಕಿ
ನೀರು ತಾಗಿದ್ದೇ ತಡ ಮೈಗೆ ಸಿಪ್ಪೆ ಕಟ್ಟಿ
ಒಳಗೆ ಕೆಂಡ, ಹೊರಗೆ ಕಲ್ಲು,
ಒಂದೊಂದೇ ಉರುಳಿ ಕೂತವು.
ಇನ್ನೂರೈವತ್ತು ಕೋಟಿ ವರ್ಷ.

ಕೋಟಿ ನನ್ನ ಲೆಕ್ಕಕ್ಕೆ ಬರುವುದಿಲ್ಲ.
ಸಮುದ್ರ ನಾನು ನೋಡಿಯೇ ಇಲ್ಲ.
ದೊಡ್ಡ ನೀರು ಅಂದರೆ ನನಗೆ ಮಾರಿಕಣಿವೆ,
ಅದೂ ಕೋಡಿ ಬಿದ್ದ ವರ್ಷ, ಜನರ ತಲೆಗಳ ಸಂದಿಯಲ್ಲಿ.
ಆದರೆ ಒಂದು ಮಾತು ಹೇಳಿದೆ ಅವಳಿಗೆ:
ನೋಡಮ್ಮ, ಮೇಲಿನ ದಿಂಬಿನ ಅಡಿ
ಕೆಳಗಿನೆರಡರ ನಡುವೆ ಜೋತುಬಿದ್ದಿದೆ.
ಮೆತ್ತಗಿದ್ದಾಗಲೇ ಪೇರಿಸಿದ್ದು ಇವು.
ಹೊಸದಾಗಿ ತುಂಬಿದ್ದನ್ನು ರಾಶಿ ಹಾಕಿದರೆ
ನಮ್ಮಲ್ಲೂ ಹೀಗೇ ಆಗತ್ತೆ,
ಮಾಬವ್ವ ಬೈತಾಳೆ.

ಹುಡುಗಿ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು
ಮಾತಾಡಲಿಲ್ಲ. ಆಮೇಲೆ ಹೇಳಿದರು,
ಅದನ್ನೇ ನೋಡಿ ತಿಳಿಯುವುದಂತೆ
ಭೂಮಿ ಮಗುಚಿದ್ದರೂ ಯಾವ ಕಡೆ ಮೇಲಿತ್ತೆಂದು;
ಒಂದು ಪೂರ್ತಿ ಪಾಠ ಇದೆಯಂತೆ ಅದಕ್ಕೆ.

ಅಂಚಿನಲ್ಲಿ ನಿಂತು ಎಲ್ಲರೂ ದೂರ ನೋಡಿದರು,
ದಿಬ್ಬದ ಸಾಲಲ್ಲಿ ಗಾಳಿಯಂತ್ರ, ಹೆದ್ದಾರಿಯ ಲಾರಿ,
ಫೋಟೋ ಹಿಡಿದರು. ನಾನು
ತಲೆ ಎತ್ತಿದೆ. ತಳದಲ್ಲಿ ನಿಂತವನು
ನೋಡಬೇಕಾದ್ದು ಮೇಲಲ್ಲವೇ?
ಎಷ್ಟು ಆಳ ಇತ್ತೋ ನೀರು.
ಒಂದು ಹದ್ದು ರೆಕ್ಕೆ ಬಡಿಯದೆ ಈಜುತ್ತಿತ್ತು,
ಅದರ ನೆರಳು ನನ್ನ ಮೇಲೆ ಹಾದು
ದಿಂಬುಗಳನ್ನು ಒಂದೊಂದಾಗಿ ಸವರಿ
ಜಾಲಿಯೊಳಗೆ ಮುಳುಗಿತು.

ಹುಡುಗರು ಇಳಿಯಲಿ ಅಂತ ಕಾದು
ಟವೆಲ್ ಹಾಸದೆ, ಹಾಗೇ,
ಒಂದರ ಮೇಲೆ ತಲೆ ಇಟ್ಟೆ.
ಯಾವ ದಿಂಬನ್ನೂ ಹಾಗೆ ನೋಡಿಯೇ ಕೊಡುವುದು ನಾನು.
ಎತ್ತರ ಸರಿ ಇತ್ತು. ಕುತ್ತಿಗೆಗೆ ಆತುಕೊಂಡಿತು.
ಕಿವಿ ಮಂದ ನನಗೆ, ಕಮಾನಿನ ಠೇಂಕಾರಕ್ಕೇ ಹೋದದ್ದು,
ಏನೂ ಕೇಳಲಿಲ್ಲ. ಕೇಳಿತೆಂದರೆ ಸುಳ್ಳಾದೀತು.

ಮನೆಗೆ ಬಂದು ಎಲ್ಲ ಹೇಳಿದೆ.
ಕಲ್ಲಿನ ಕಥೆ ಇರಲಿ, ದುಡ್ಡು ಪೂರ್ತಿ ಕೊಟ್ಟರಾ, ಅಂದಳು ಮಾಬವ್ವ.
ಆರುನೂರು ಕಮ್ಮಿ ಇತ್ತು. ಬೈದಳು.
ದೀಪ ಆರಿಸಿ ಎಷ್ಟೋ ಹೊತ್ತಾದ ಮೇಲೆ
ಗೋಡೆ ಕಡೆ ತಿರುಗಿಕೊಂಡೇ ಕೇಳಿದಳು:
ಬಿಸಿ ಇತ್ತಾ, ಅದು?

ಇತ್ತು, ಅಂದೆ.
ಬಿಸಿಲಿಗೋ ಏನೋ.