ಗುರುವಾರದ ತತ್ತಿ

ಮೂರೂವರೆಗೆ ಏಳುತ್ತೇನೆ. ಸೋಹಾರ್ ಬಂದರಿನ ದೀಪಗಳು
ನಿದ್ದೆಗೆಟ್ಟ ಕಣ್ಣಿನ ಹಾಗೆ ಇನ್ನೂ ಕೆಂಪು.
ಆರುನೂರ ನಲವತ್ತು ಮಂದಿಯ ಕ್ಯಾಂಪು,
ತಲೆಗೊಂದು ತತ್ತಿ.
ಒಂದೊಂದು ಕೈಗೂ ಒಂದೊಂದು, ಬೋಗುಣಿಯ ಅಂಚಿಗೆ ಟಕ್,
ಟಕ್.
ಲೆಕ್ಕ ನಾನಿಡುವುದಿಲ್ಲ, ಮಣಿಕಟ್ಟು ಇಡುತ್ತದೆ.

ಊರಲ್ಲಾಗ ಐದು. ಕಸ್ತೂರೆವ್ವನೂ ಎದ್ದಿರುತ್ತಾಳೆ.
ಅವಳದೂ ಇದೇ ಕೆಲಸ, ಸರಕಾರಿ ಶಾಲೆಯ ಬಿಸಿಯೂಟ,
ನೂರಾ ಹನ್ನೊಂದು ಮಕ್ಕಳು, ಸೋಮವಾರ ಗುರುವಾರ ತತ್ತಿ.
ನಾನು ಒಡೆಯುವವನು, ಅವಳು ಸುಲಿಯುವವಳು.
ಸುಲಿದೂ ಸುಲಿದೂ ಅವಳ ಉಗುರಿನ ಸಂದಿಯಲ್ಲಿ
ಸುಣ್ಣದಂಥ ಗೆರೆಯೊಂದು ಉಳಿದುಬಿಟ್ಟಿದೆ.
ರಜೆಗೆ ಹೋದಾಗ ಕಂಡದ್ದು.

ನಿನ್ನೆ ರಾತ್ರಿ ಸುದ್ದಿ ಬಂತು. ಬಜೆಟ್ಟಿಗೆ ಕತ್ತರಿ.
ಗುರುವಾರದ ತತ್ತಿ ಇಲ್ಲ.
ಬಿಸಿಯೂಟದವರ ಗೌರವಧನ ಹನ್ನೆರಡು ತಿಂಗಳಿದ್ದದ್ದು ಹತ್ತು.
ಹೆಸರಲ್ಲಿರುವ ಗೌರವವನ್ನು ಮಾತ್ರ ಮುಟ್ಟಿಲ್ಲ.

ಮೆಸ್ಸಿನಲ್ಲಿ ಮಾತೋ ಮಾತು.
ಚಂದಪ್ಪ ರಾಠೋಡ, ಬಾಯಲ್ಲಿ ರೊಟ್ಟಿ:
"ನಮ್ಮ ತಾಂಡಾದ ಬಸ್ಸೂ ತೆಗದಾರಂತ. ತೆಗೀಲಿ ಬಿಡು,
ಅದು ಯಾವಾಗ ನೆಟ್ಟಗ ಬಂದಿತ್ತು?"
ಕಿನ್ನಿಗೋಳಿಯ ಗ್ರೆಗರಿ, ಸ್ಟೋರಿನ ಕೀಲಿಗೊಂಚಲು ಮೇಜಿಗಿಟ್ಟು:
"ಖಜಾನೆಯಲ್ಲಿ ಇಲ್ಲ ಅಂದ್ರೆ ಎಲ್ಲಿಂದ ತರುದು ಮಾರಾಯ?
ಮನೆ ನಡೆಸುವವನಿಗೆ ಗೊತ್ತು."
"ಮನೆ ನಡೆಸುವವ ಮೊದಲು ಮಕ್ಕಳ ತಾಟಿಗೇ ಕೈ ಹಾಕ್ತಾನೇನು?"
ಯಾರೋ ಕೂಗಿದರು. ನಾನೇ ಇರಬೇಕು.
ಉಪ್ಪಿನಂಗಡಿಯ ಮೊಯಿದಿನಬ್ಬ ನಕ್ಕ:
"ಇಲ್ಲಿ ಕೂತು ಬೊಬ್ಬೆ ಹಾಕಿದ್ರೆ ಯಾರಿಗೆ ಕೇಳ್ತದೆ?
ಓಟಿನ ದಿನ ನಾವು ಯಾವತ್ತಾದ್ರೂ ಊರಲ್ಲಿದ್ದೆವಾ?"
ಆಮೇಲೆ ಏಸಿ ಮಾತ್ರ ತನ್ನ ಪಾಡಿಗೆ ತೊಟ್ಟಿಕ್ಕುತ್ತಿತ್ತು.

ನಾಳೆಯ ತತ್ತಿ ತರುವ ವ್ಯಾನು ಬೆಳಕು ಹರಿಯುವ ಮುಂಚೆ.
ಸುಲೈಯಿಂ ಇಲ್ಲಿಯವನೇ, ಸಹಮ್ ಕಡೆಯ ಮೀನುಗಾರರ ಮಗ.
ಮುರುಕು ಹಿಂದಿಯಲ್ಲಿ ಕೇಳಿದ, ಮುಖ ಯಾಕೆ ಹೀಗೆ?
ತತ್ತಿ ತೋರಿಸಿ ಎರಡು ಬೆರಳೆತ್ತಿದೆ, ಒಂದನ್ನು ಮಡಚಿದೆ.
ಅವನು ವ್ಯಾನಿನ ಪೆಟ್ರೋಲ್ ಟ್ಯಾಂಕಿಗೆ ತಟ್ಟಿ
ಆಗ ಎಷ್ಟು, ಈಗ ಎಷ್ಟು ಎಂದು ಬೆರಳಲ್ಲೇ ಹೇಳಿದ.
ನೌಕರಿ ಕೇಳಿ ಕಚೇರಿ ಮುಂದೆ ನಿಂತ ಅವನ ತಮ್ಮ
ಇನ್ನೂ ನಿಂತೇ ಇದ್ದಾನಂತೆ.
"ಖಲಾಸ್" ಅಂದ.
ಆ ಮಾತು ನಮ್ಮಲ್ಲೂ ಇದೆ ಅಂದೆ. ಇಬ್ಬರೂ ನಕ್ಕೆವು,
ನಗುವಂಥದ್ದು ಏನಿತ್ತೋ.

ಹತ್ತಕ್ಕೆ ಫೋನಿನಲ್ಲಿ ಕಸ್ತೂರೆವ್ವನ ದನಿ, ಒಂದೂವರೆ ನಿಮಿಷ:
"ತಾಲೂಕು ಕಚೇರಿ ಮುಂದ ಕುಂತೇವಿ. ನಲವತ್ತು ಮಂದಿ.
ತತ್ತಿ ಟ್ರೇ ಖಾಲೀವು ತಲೀ ಮ್ಯಾಲ ಇಟಗೊಂಡು ಬಂದೇವಿ,
ಬಿಸಲಾಗ ಅವs ನೆಳ್ಳು.
ಸಾಹೇಬ್ರು ಇನ್ನೂ ಬಂದಿಲ್ಲ.
ನಿನ್ನೆ ಮೂರನೇ ಇಯತ್ತೆ ಹುಡುಗಿ ಒಬ್ಬಾಕಿ ಕೇಳಿದಳು,
ಅಕ್ಕಾ, ಗುರುವಾರ ಇನ್ನ ಬರೂದಿಲ್ಲೇನು?
ಬರ್ತದ ಅಂದೆ. ವಾರ ಅಂತೂ ಬರ್ತದಲ್ಲ."
ಹಿಂದೆ, ಸೌಟು ತಾಟಿಗೆ ಬಡಿಯುವ ಸದ್ದು.
ಮಕ್ಕಳನ್ನು ಉಣ್ಣಲು ಕರೆಯುವ ಸದ್ದೂ ಅದೇ.

ಮಧ್ಯಾಹ್ನ ಗ್ರೆಗರಿ ಒಲೆಯ ಹತ್ತಿರ ಬಂದ.
ನೂರಾ ಹನ್ನೊಂದು, ಏಳರಂತೆ, ಏಳುನೂರ ಎಪ್ಪತ್ತೇಳು,
ಮೂರೂವರೆ ರಿಯಾಲು, ಅಷ್ಟೇ ಅಲ್ಲವಾ ಅಂದ.
ಐದರ ನೋಟೊಂದನ್ನು ಉಪ್ಪಿನ ಡಬ್ಬಿಯ ಅಡಿಗೆ ತಳ್ಳಿ
ಬೇಗ ಹೋಗಿಬಿಟ್ಟ, ಕದ್ದವನ ಹಾಗೆ.

ಕಳಿಸಲೇ, ಎಂದು ಕೇಳಿದೆ.
ಬಹಳ ಹೊತ್ತು ಉತ್ತರವಿಲ್ಲ. ಆಮೇಲೆ:
"ಬ್ಯಾಡ. ನೀವು ಕೊಟ್ಟರ
ಅವರು ಕೊಡೂದು ಮರೀತಾರ.
ಇನ್ನೂ ಕುಂತೇವಿ. ನೀ ಉಣ್ಣು."

ಗುರುವಾರ. ಮೂರೂವರೆ. ಟಕ್, ಟಕ್.
ಮುನ್ನೂರು ದಾಟಿದ ಮೇಲೆಲ್ಲೋ ಒಂದಕ್ಕೆ ಎರಡು ಹಳದಿ.
ಗ್ರೆಗರಿಯ ಪುಸ್ತಕದಲ್ಲಿ ಅದೂ ಒಂದೇ.
ನೋಟು ಡಬ್ಬಿಯ ಅಡಿಯಲ್ಲೇ ಇದೆ,
ಅಂಚಿಗೆ ಉಪ್ಪಿನ ಪಸೆ ಹಿಡಿದಿದೆ.